ಮನೆಯ ಕುಲುಮೆಯಲ್ಲಿ ಮಾಡಿದ ಉಪಕರಣಗಳಿಗೆ ಹದ ಕೊಡುವ ಕ್ರಮ

"ಕಬ್ಬಿಣ ಕಾದಾಗಲೇ ಬಡಿಯಬೇಕು" ಎಂಬ ಗಾದೆಯನ್ನು ಕೇಳದ ರೈತರಿಲ್ಲ. ಆದರೆ ಬಡಿದು ಮುಗಿದ ಮೇಲೆ ಆ ಕಬ್ಬಿಣವನ್ನು ಎಷ್ಟು ಕಾಯಿಸಬೇಕು, ಯಾವುದರಲ್ಲಿ ಅದ್ದಬೇಕು, ಹೇಗೆ ಹದಕ್ಕೆ ತರಬೇಕು ಎಂಬುದನ್ನು ಗಾದೆ ಹೇಳುವುದಿಲ್ಲ. ಉಪಕರಣದ ಬಾಳಿಕೆ ನಿಂತಿರುವುದು ಈ ಕೊನೆಯ ಕೆಲಸದ ಮೇಲೆಯೇ.

ಹಿಂದೆ ಆಯದ ಪದ್ಧತಿಯಿದ್ದ ಊರುಗಳಲ್ಲಿ ಕಮ್ಮಾರರು ವರ್ಷವಿಡೀ ರೈತರ ಕುಳ, ಕುಡ, ಕುಡುಗೋಲುಗಳನ್ನು ಹಣಿದುಕೊಟ್ಟು, ಸುಗ್ಗಿಯಲ್ಲಿ ಕಣದಿಂದ ಧಾನ್ಯ ಪಡೆಯುತ್ತಿದ್ದರು. ಈಗ ಅನೇಕ ಊರುಗಳಲ್ಲಿ ಕುಲುಮೆಯ ಬೆಂಕಿ ಆರಿದೆ. ಮಳೆ ಬಿದ್ದ ಮರುದಿನ ಕುಂಟೆಯ ಕುಡ ಮೊಂಡಾಯಿತೆಂದು ದೂರದ ಪಟ್ಟಣಕ್ಕೆ ಹೋಗಿ ಬರುವಷ್ಟರಲ್ಲಿ ನೆಲದ ಹದವೇ ಆರಿಹೋಗುತ್ತದೆ. ಈ ಕಾರಣದಿಂದ ಕೆಲವು ರೈತರು ಹಿತ್ತಲಿನಲ್ಲಿಯೇ ಸಣ್ಣ ಕುಲುಮೆಯನ್ನು ಹೂಡಿ, ಅದಕ್ಕೆ ಬೇಕಾದ ಚಾಣ, ಪಂಚ್, ಸುತ್ತಿಗೆ, ಇಕ್ಕಳಗಳನ್ನು ತಾವೇ ಮಾಡಿಕೊಳ್ಳುತ್ತಿದ್ದಾರೆ.

ಹೀಗೆ ಮಾಡಿದ ಉಪಕರಣಗಳಲ್ಲಿ ಸಾಮಾನ್ಯವಾಗಿ ಎರಡು ದೋಷಗಳು ಕಂಡುಬರುತ್ತವೆ. ಒಂದು, ನಾಲ್ಕು ಏಟಿಗೇ ಬಾಯಿ ಮಡಚಿಕೊಳ್ಳುವುದು. ಇನ್ನೊಂದು, ಏಟು ಬಿದ್ದ ಕೂಡಲೇ ಬಾಯಿ ಚಕ್ಕೆಯೆದ್ದು ಹಾರುವುದು. ಮೊದಲನೆಯದರಿಂದ ಕೆಲಸ ಕೆಡುತ್ತದೆ. ಎರಡನೆಯದರಿಂದ ಕಣ್ಣೇ ಹೋಗಬಹುದು. ಈ ಎರಡೂ ದೋಷಗಳಿಗೆ ಹದ ತಪ್ಪುವುದೇ ಮುಖ್ಯ ಕಾರಣ. ಹದ ತಪ್ಪದಂತೆ ಕೆಲಸ ಮಾಡುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಕಬ್ಬಿಣ ಯಾವುದು, ಉಕ್ಕು ಯಾವುದು?

ಹದ ಹಿಡಿಯುವ ಗುಣ ಕಬ್ಬಿಣಕ್ಕೆ ಬರುವುದು ಅದರಲ್ಲಿ ಬೆರೆತಿರುವ ಇಂಗಾಲದಿಂದ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಇಲ್ಲಿನ ಕಬ್ಬಿಣ ಮತ್ತು ಉಕ್ಕಿನ ಕುಲುಮೆಗಳನ್ನು ನೋಡಿ 1807ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವರ್ಣಿಸಿದ್ದಾನೆ. ಆಗ ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡಿನೊಡನೆ ತಂಗಡಿ ಗಿಡದ ಕಟ್ಟಿಗೆಯನ್ನಿಟ್ಟು, ಬಾಯಿ ಮುಚ್ಚಿ ಕಾಯಿಸುತ್ತಿದ್ದರು. ಕಟ್ಟಿಗೆಯ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತಿತ್ತು. ಹೊರದೇಶಗಳಲ್ಲಿ ಈ ಉಕ್ಕಿಗೆ ಬಂದ 'ವೂಟ್ಸ್' ಎಂಬ ಹೆಸರು ನಮ್ಮ 'ಉಕ್ಕು' ಎಂಬ ಮಾತಿನಿಂದಲೇ ಹುಟ್ಟಿತೆಂದು ಅನೇಕ ವಿದ್ವಾಂಸರ ಅಭಿಪ್ರಾಯ.

ಇಂದು ಗುಜರಿಯಲ್ಲಿ ದೊರೆಯುವ ಲೋಹವನ್ನು ನಮ್ಮ ಕೆಲಸದ ದೃಷ್ಟಿಯಿಂದ ಮೂರು ಬಗೆಯಾಗಿ ವಿಂಗಡಿಸಬಹುದು.

1. ಮೆದು ಕಬ್ಬಿಣ: ಇದರಲ್ಲಿ ಇಂಗಾಲ ಶೇಕಡಾ 0.25ಕ್ಕಿಂತ ಕಡಿಮೆ. ಕಿಟಕಿ ಸರಳು, ಪಟ್ಟಿ, ಆಂಗಲ್, ಸಾಮಾನ್ಯ ಬೋಲ್ಟುಗಳು ಈ ಬಗೆಯವು. ಎಷ್ಟು ಸಲ ಕಾಯಿಸಿ ನೀರಿಗೆ ಅದ್ದಿದರೂ ಇದು ಚಾಣಕ್ಕೆ ಬೇಕಾದಷ್ಟು ಗಡುಸಾಗುವುದಿಲ್ಲ. ಮನೆ ಕಟ್ಟುವ ಟಿ.ಎಂ.ಟಿ. ಸರಳು ಗಟ್ಟಿಯಾಗಿ ತೋರಿದರೂ, ಅದರ ಹೊರಪದರದ ಗಟ್ಟಿತನ ಕಾರ್ಖಾನೆಯಲ್ಲಿ ನೀರು ಹಾಯಿಸಿದ್ದರಿಂದ ಬಂದದ್ದು. ಕುಲುಮೆಯಲ್ಲಿ ಕಾಯಿಸಿದೊಡನೆ ಅದು ಹೋಗುತ್ತದೆ. ಆದುದರಿಂದ ಇದು ಚಾಣಕ್ಕೆ ತಕ್ಕುದಲ್ಲ.

2. ಮಧ್ಯಮ ಉಕ್ಕು: ಇಂಗಾಲ ಶೇಕಡಾ 0.3ರಿಂದ 0.6. ವಾಹನಗಳ ಆಕ್ಸಲ್‌ಗಳು ಸಾಮಾನ್ಯವಾಗಿ ಈ ಗುಂಪಿಗೆ ಸೇರುತ್ತವೆ. ಸುತ್ತಿಗೆಗೆ ಇದು ಒಳ್ಳೆಯದು. ಲಾರಿಯ ಸ್ಪ್ರಿಂಗ್ ಪಟ್ಟಿ, ಟ್ರ್ಯಾಕ್ಟರ್ ಕಲ್ಟಿವೇಟರಿನ ಸುರುಳಿ ಸ್ಪ್ರಿಂಗ್‌ಗಳು ಈ ಗುಂಪಿನ ಮೇಲ್ತುದಿಯಲ್ಲಿ ಅಥವಾ ಅದಕ್ಕಿಂತ ಸ್ವಲ್ಪ ಮೇಲೆ ಇರುತ್ತವೆ. ಚಾಣ, ಪಂಚ್‌ಗಳಿಗೆ ಇವುಗಳಷ್ಟು ಅನುಕೂಲವಾದದ್ದು ಬೇರೆ ಸಿಗುವುದು ಕಷ್ಟ.

3. ಹೆಚ್ಚು ಇಂಗಾಲದ ಉಕ್ಕು: ಹಳೆಯ ಒಳ್ಳೆಯ ಅರಗಳಲ್ಲಿ ಇಂಗಾಲ ಶೇಕಡಾ 1ಕ್ಕಿಂತ ಹೆಚ್ಚಿರುತ್ತದೆ. ಇದು ಬಹಳ ಗಡುಸಾಗುತ್ತದೆ, ಅಷ್ಟೇ ಪೆಡಸೂ ಆಗುತ್ತದೆ. ಚೂರಿಗೆ ಸರಿ, ಸುತ್ತಿಗೆಯ ಏಟು ತಿನ್ನುವ ಉಪಕರಣಕ್ಕೆ ಹೊಸಬರು ಇದನ್ನು ಉಪಯೋಗಿಸದಿರುವುದು ಲೇಸು.

ಸತು ಲೇಪಿಸಿದ ಪೈಪು, ತಗಡುಗಳನ್ನು ಕುಲುಮೆಗೆ ಹಾಕಲೇಬಾರದು. ಅದರ ಬಿಳಿಯ ಹೊಗೆಯನ್ನು ಸೇವಿಸಿದರೆ ಚಳಿಜ್ವರ ಬರುತ್ತದೆ. ಎರಡೂ ಬಾಯಿ ಮುಚ್ಚಿದ ಕೊಳವೆ ಮತ್ತು ವಾಹನಗಳ ಶಾಕ್ ಅಬ್ಸಾರ್ಬರುಗಳು ಬೆಂಕಿಯಲ್ಲಿ ಸಿಡಿಯುತ್ತವೆ. ಅಡಿಗಲ್ಲಿಗೆಂದು ರೈಲು ಹಳಿಯ ತುಂಡು ಕೊಳ್ಳುವವರು ರಸೀದಿ ಪಡೆದೇ ಕೊಳ್ಳಬೇಕು; ರೈಲ್ವೆ ಸ್ವತ್ತನ್ನು ಅಕ್ರಮವಾಗಿ ಇಟ್ಟುಕೊಳ್ಳುವುದು 1966ರ ಕಾಯಿದೆಯಂತೆ ಅಪರಾಧ.

ಮೊದಲು ಪರೀಕ್ಷೆ, ಆಮೇಲೆ ಕೆಲಸ

ಬಿತ್ತುವ ಮೊದಲು ಬೀಜದ ಮೊಳಕೆ ಪರೀಕ್ಷೆ ಮಾಡುವಂತೆ, ಚಾಣ ಬಡಿಯುವ ಮೊದಲು ಉಕ್ಕಿನ ಪರೀಕ್ಷೆ ಮಾಡಬೇಕು. ಸಾಣೆ ಯಂತ್ರವಿದ್ದರೆ ಲೋಹವನ್ನು ಅದಕ್ಕೆ ಹಿಡಿದು ಕಿಡಿಗಳನ್ನು ನೋಡಿ. ಮೆದು ಕಬ್ಬಿಣದ ಕಿಡಿಗಳು ಉದ್ದನೆಯ ಗೆರೆಗಳಾಗಿ ಹೋಗುತ್ತವೆ, ಒಡೆಯುವುದು ಕಡಿಮೆ. ಇಂಗಾಲ ಹೆಚ್ಚಿದಂತೆ ಗೆರೆಗಳು ಗಿಡ್ಡವಾಗಿ, ಸುರುಸುರು ಬತ್ತಿಯಂತೆ ಕವಲೊಡೆದು ಚದರುತ್ತವೆ.

ಇದಕ್ಕಿಂತ ನಂಬಿಕೆಯ ಪರೀಕ್ಷೆ ಇನ್ನೊಂದಿದೆ. ಅದೇ ಲೋಹದಿಂದ ಬೆರಳುದ್ದದ ತೆಳು ತುಂಡೊಂದನ್ನು ಬಡಿದುಕೊಳ್ಳಿ. ಮುಂದೆ ಹೇಳುವ ಕೆಂಪಿಗೆ ಕಾಯಿಸಿ, ಬೆಚ್ಚಗಿನ ಎಣ್ಣೆಯಲ್ಲಿ ಅದ್ದಿ. ಆರಿದ ಮೇಲೆ ಹೊಸ ಅರದಿಂದ ಅದರ ಅಂಚನ್ನು ಉಜ್ಜಿರಿ. ಗಾಜಿನ ಮೇಲೆ ಉಜ್ಜಿದಂತೆ ಅರ ಜಾರಿದರೆ ಆ ಉಕ್ಕಿಗೆ ಎಣ್ಣೆಯೇ ಸಾಕು. ಅರ ಕಚ್ಚಿದರೆ, ಇನ್ನೊಮ್ಮೆ ಕಾಯಿಸಿ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ನೋಡಿ. ಆಗಲೂ ಅರ ಕಚ್ಚಿದರೆ ಅದು ಮೆದು ಕಬ್ಬಿಣ. ಇಕ್ಕಳಕ್ಕೋ ಬಾಗಿಲ ಚಿಲಕಕ್ಕೋ ಎತ್ತಿಡಿ.

ಗಡುಸಾದ ತುಂಡನ್ನು ಗೋಣಿಚೀಲದಲ್ಲಿ ಸುತ್ತಿ, ಕನ್ನಡಕ ಧರಿಸಿ, ಏಟು ಹಾಕಿ ಮುರಿಯಿರಿ. ಮುರಿದ ಮುಖ ರಾಗಿ ಹಿಟ್ಟಿನಂತೆ ನುಣುಪಾಗಿ ಬೂದು ಬಣ್ಣಕ್ಕಿದ್ದರೆ ಕಾವು ಸರಿಯಾಗಿತ್ತು. ರವೆಯಂತೆ ಕಾಳುಕಾಳಾಗಿ ಮಿನುಗುತ್ತಿದ್ದರೆ ಕಾವು ಮೀರಿದೆ ಎಂದು ತಿಳಿಯಬೇಕು. ಈ ಒಂದು ತುಂಡಿನಿಂದ ನಿಮಗೆ ಉಕ್ಕಿನ ಗುಣ, ಅದ್ದುವ ದ್ರವ, ಕಾವಿನ ಅಳತೆ ಮೂರೂ ಗೊತ್ತಾಗುತ್ತವೆ.

ಹಳೆಯ ಸ್ಪ್ರಿಂಗ್‌ಗಳಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರಬಹುದು. ತುಂಡನ್ನು ಚೆನ್ನಾಗಿ ಉಜ್ಜಿ, ಸೀಮೆಎಣ್ಣೆಯಲ್ಲಿ ಸ್ವಲ್ಪ ಹೊತ್ತು ನೆನೆಸಿ, ಬಟ್ಟೆಯಿಂದ ಒರೆಸಿ, ಸೀಮೆಸುಣ್ಣದ ಪುಡಿ ಸವರಿ. ಬಿರುಕಿದ್ದರೆ ಅದರೊಳಗಿನ ಎಣ್ಣೆ ಹೊರಬಂದು ಬಿಳಿಯ ಮೇಲೆ ಗೆರೆ ಮೂಡುತ್ತದೆ. ಅಂಥ ಭಾಗವನ್ನು ಕತ್ತರಿಸಿ ಬಿಡಿ. ಪರೀಕ್ಷೆಯ ನಂತರ ಸೀಮೆಎಣ್ಣೆ ಪೂರ್ತಿ ಆರುವವರೆಗೆ ತುಂಡನ್ನು ಬೆಂಕಿಯ ಬಳಿ ತರಬಾರದು.

ಕಾವಿನ ಬಣ್ಣ ಗುರುತಿಸುವುದು

ಕುಲುಮೆಯನ್ನು ನೆರಳಿನಲ್ಲಿ ಹೂಡಬೇಕು. ಬಿಸಿಲಿನಲ್ಲಿ ಕೆಂಪು ಮಂಕಾಗಿ ಕಾಣುವುದರಿಂದ ಕಾವು ಮೀರಿಹೋಗುತ್ತದೆ. ನೆರಳಿನಲ್ಲಿ ನೋಡಿದಾಗ ಮಬ್ಬುಗೆಂಪು ಸುಮಾರು 600ರಿಂದ 650 ಡಿಗ್ರಿ ಸೆಲ್ಸಿಯಸ್, ಮಾಗಿದ ಕಾಫಿ ಹಣ್ಣಿನ ಕೆಂಪು ಸುಮಾರು 750ರಿಂದ 800 ಡಿಗ್ರಿ, ಕಿತ್ತಳೆ ಬಣ್ಣ 900 ಡಿಗ್ರಿಗೂ ಮೇಲೆ, ಹಳದಿ 1000 ಡಿಗ್ರಿ ದಾಟಿತೆಂದು ಅಂದಾಜು ಮಾಡಬಹುದು. ಬಡಿಯುವ ಕೆಲಸಕ್ಕೆ ಕಿತ್ತಳೆ ಬಣ್ಣ ಒಳ್ಳೆಯದು. ಮಬ್ಬುಗೆಂಪಿಗೆ ಇಳಿದ ಮೇಲೆ ಬಡಿದರೆ ಬಿರುಕು ಬಿಡುತ್ತದೆ. ಬಿಳುಪೇರಿ ಕಿಡಿ ಉದುರಿದರೆ ಉಕ್ಕು ಸುಟ್ಟುಹೋಯಿತು. ಆ ಭಾಗವನ್ನು ಕತ್ತರಿಸಿ ಎಸೆಯದೆ ಬೇರೆ ದಾರಿಯಿಲ್ಲ.

ಬಣ್ಣದ ಅಂದಾಜು ತಪ್ಪಬಹುದಾದ್ದರಿಂದ ಅಯಸ್ಕಾಂತದ ಸಹಾಯ ಪಡೆಯಿರಿ. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ತಂತಿಯಲ್ಲಿ ತೂಗುಹಾಕಿ. ಉಕ್ಕು ಸುಮಾರು 770 ಡಿಗ್ರಿ ಮುಟ್ಟಿದಾಗ ಅಯಸ್ಕಾಂತ ಅದನ್ನು ಸೆಳೆಯುವುದಿಲ್ಲ. ಕಾದ ತುಂಡನ್ನು ಹತ್ತಿರ ತಂದಾಗ ಅಯಸ್ಕಾಂತ ಅಲುಗದೆ ನಿಂತರೆ, ಅದಕ್ಕಿಂತ ಸ್ವಲ್ಪವೇ ಹೆಚ್ಚು ಕಾಯಿಸಿದಾಗ ಉಕ್ಕು ಅದ್ದಲು ಸಿದ್ಧವಾಗುತ್ತದೆ. ಲಾರಿ ಪಟ್ಟಿಯಂಥ ಸ್ಪ್ರಿಂಗ್ ಉಕ್ಕಿಗೆ 830ರಿಂದ 860 ಡಿಗ್ರಿ, ಅಂದರೆ ಕಾಫಿ ಹಣ್ಣಿನ ಕೆಂಪಿಗಿಂತ ಒಂದು ಛಾಯೆ ಹೊಳಪು ಬೇಕು.

ಒಲೆಗೆ ಕಟ್ಟಿಗೆಯ ಇದ್ದಲು ಉತ್ತಮ. ಕಲ್ಲಿದ್ದಲಿನಲ್ಲಿರುವ ಗಂಧಕ ಉಕ್ಕಿಗೆ ಒಳ್ಳೆಯದಲ್ಲ. ತುಂಡನ್ನು ಗಾಳಿ ಬರುವ ಬಾಯಿಗೆ ನೇರವಾಗಿ ಹಿಡಿಯದೆ, ಕೆಂಡದ ನಡುವೆ ಹುದುಗಿಸಿ ನಿಧಾನವಾಗಿ ತಿದಿಯೊತ್ತಬೇಕು. ಮೂಲೆಗಳು ಮೊದಲು ಕಾದು ನಡುಭಾಗ ಹಿಂದೆ ಬೀಳದಂತೆ ಆಗಾಗ್ಗೆ ಹೊರಳಿಸುತ್ತಿರಬೇಕು.

ನಾಲ್ಕು ಹಂತಗಳು

ಮೊದಲನೆಯ ಹಂತ, ಬಳಲಿಕೆ ಕಳೆಯುವುದು: ಬಡಿತದಿಂದ ಉಕ್ಕಿನೊಳಗೆ ಎಳೆತಗಳು ಉಳಿದಿರುತ್ತವೆ, ಕಣಗಳು ಒರಟಾಗಿರುತ್ತವೆ. ಇಡೀ ಉಪಕರಣವನ್ನು ಅಯಸ್ಕಾಂತ ಸೆಳೆಯದ ಕಾವಿಗಿಂತ ಸ್ವಲ್ಪ ಮೇಲೆ ಕಾಯಿಸಿ, ಗಾಳಿ ಬೀಸದ ಕಡೆ ಒಣ ಇಟ್ಟಿಗೆಯ ಮೇಲಿಟ್ಟು ತಾನಾಗಿ ಆರಲು ಬಿಡಿ. ಹೀಗೆ ಎರಡು ಮೂರು ಸಲ ಮಾಡಿ. ಈ ಹಂತವನ್ನು ಬಿಟ್ಟವರ ಉಪಕರಣಗಳೇ ಹೆಚ್ಚಾಗಿ ಅದ್ದುವಾಗ ಸೀಳುತ್ತವೆ.

ಎರಡನೆಯ ಹಂತ, ಮೆದುಗೊಳಿಸಿ ಅರ ಹಾಕುವುದು: ಕೊನೆಯ ಸಲ ಕಾಯಿಸಿದ ತುಂಡನ್ನು ಒಣ ಬೂದಿಯೊಳಗೆ ಆಳವಾಗಿ ಹೂಳಿ ರಾತ್ರಿಯಿಡೀ ಬಿಡಿ. ಭತ್ತದ ಹೊಟ್ಟಿನ ಬೂದಿ ಕಾವನ್ನು ಬಹಳ ಹೊತ್ತು ಹಿಡಿದಿಡುತ್ತದೆ. ಬೆಳಿಗ್ಗೆ ಅರ ಸುಲಭವಾಗಿ ಕಚ್ಚುತ್ತದೆ. ಈಗಲೇ ಚಾಣದ ಬಾಯಿಯನ್ನು ಆಕಾರಕ್ಕೆ ತನ್ನಿ. ತಣ್ಣನೆಯ ಕಬ್ಬಿಣ ಕತ್ತರಿಸುವ ಚಾಣಕ್ಕೆ ಬಾಯಿಯ ಕೋನ ಸುಮಾರು 60 ಡಿಗ್ರಿ, ಕಾದ ಕಬ್ಬಿಣ ಕತ್ತರಿಸುವುದಕ್ಕೆ ಸುಮಾರು 30 ಡಿಗ್ರಿ ಇರಲಿ. ಆದರೆ ಬಾಯಿಯನ್ನು ಪೂರ್ತಿ ಹರಿತ ಮಾಡದೆ, ಒಂದು ಮಿಲಿಮೀಟರಿನಷ್ಟು ದಪ್ಪ ಉಳಿಸಿ. ತೀರ ತೆಳುವಾದ ಅಂಚು ಬೆಂಕಿಯಲ್ಲಿ ಸುಡುತ್ತದೆ, ಅದ್ದುವಾಗ ಸೀಳುತ್ತದೆ. ಅರದ ಆಳವಾದ ಗೀರುಗಳನ್ನೂ ಉಳಿಸಬಾರದು. ಬಿರುಕು ಹುಟ್ಟುವುದು ಅಲ್ಲಿಂದಲೇ.

ಮೂರನೆಯ ಹಂತ, ಗಡುಸುಗೊಳಿಸುವುದು: ಚಾಣದ ಬಾಯಿಯ ಕಡೆ 4ರಿಂದ 5 ಸೆಂ.ಮೀ. ಭಾಗವನ್ನು ಮಾತ್ರ ತಕ್ಕ ಕೆಂಪಿಗೆ ಕಾಯಿಸಿ. ಕೆಂಪು ಒಳಗಿನವರೆಗೂ ಒಂದೇ ಸಮನಾದ ಮೇಲೆ ಎಣ್ಣೆಯಲ್ಲಿ ನೇರವಾಗಿ, ಬಾಯಿ ಕೆಳಗಾಗಿ, ಕೆಂಪಾದ ಭಾಗವೆಲ್ಲ ಮುಳುಗುವಂತೆ ಅದ್ದಿ ಮೇಲೆ ಕೆಳಗೆ ಆಡಿಸಿ. ಒಂದೇ ಮಟ್ಟದಲ್ಲಿ ಹಿಡಿದರೆ ಆ ಗೆರೆಯಲ್ಲಿಯೇ ಚಾಣ ಮುರಿಯುತ್ತದೆ. ಪಕ್ಕಕ್ಕೆ ಆಡಿಸಿದರೆ ತೆಳು ಉಪಕರಣ ಬಾಗುತ್ತದೆ. ಏಟು ಬೀಳುವ ತಲೆಯನ್ನು ಎಂದಿಗೂ ಗಡುಸುಗೊಳಿಸಬಾರದು.

ಕಡಲೆಕಾಯಿ ಎಣ್ಣೆಯಂಥ ಸಸ್ಯದ ಎಣ್ಣೆ ಈ ಕೆಲಸಕ್ಕೆ ಸಾಕು. ಎಂಜಿನ್ನಿನಿಂದ ತೆಗೆದ ಹಳೆಯ ಎಣ್ಣೆಯ ಹೊಗೆ ವಿಷಕರ. ಎಣ್ಣೆಯನ್ನು 50ರಿಂದ 60 ಡಿಗ್ರಿಗೆ ಬೆಚ್ಚಗೆ ಮಾಡಿಕೊಂಡರೆ ಅದು ತೆಳುವಾಗಿ ಬೇಗ ಕಾವು ಎಳೆಯುತ್ತದೆ. ನೀರು ಬೇಡುವ ಉಕ್ಕಿಗೆ ಬಾವಿಯ ತಣ್ಣೀರಿಗಿಂತ ಉಗುರುಬೆಚ್ಚಗಿನ ನೀರು ಕ್ಷೇಮ. ನೀರಿಗೆ ಉಪ್ಪು ಬೆರೆಸಿದರೆ ಹಬೆಯ ಪದರ ಬೇಗ ಒಡೆದು ಉಕ್ಕು ಇನ್ನೂ ವೇಗವಾಗಿ ತಣ್ಣಗಾಗುತ್ತದೆ. ಸ್ಪ್ರಿಂಗ್ ಉಕ್ಕನ್ನು ಉಪ್ಪುನೀರಿನಲ್ಲಿ ಅದ್ದಿದರೆ ಸೀಳುವ ಸಂಭವ ಹೆಚ್ಚು.

ನಾಲ್ಕನೆಯ ಹಂತ, ಹದಗೊಳಿಸುವುದು: ಅದ್ದಿ ತೆಗೆದ ಉಕ್ಕು ಗಾಜಿನಂತೆ ಗಡುಸು, ಗಾಜಿನಂತೆಯೇ ಪೆಡಸು. ನೆಲಕ್ಕೆ ಬಿದ್ದರೂ ಮುರಿಯಬಹುದು. ರಾತ್ರಿಯಿಡೀ ಹಾಗೆಯೇ ಬಿಟ್ಟರೆ ತಾನಾಗಿ ಸೀಳುವುದೂ ಉಂಟು. ಆದುದರಿಂದ ಅದೇ ಹೊತ್ತಿನಲ್ಲಿ ಹದ ಕೊಡಬೇಕು. ಎಣ್ಣೆಯನ್ನು ಒರೆಸಿ, ಬಾಯಿಯ ಎರಡು ಮುಖಗಳನ್ನೂ ಮರಳು ಕಾಗದದಿಂದ ಬೆಳ್ಳಗೆ ಹೊಳೆಯುವಂತೆ ಉಜ್ಜಿ. ದಪ್ಪ ಕಬ್ಬಿಣದ ತುಂಡೊಂದನ್ನು ಕೆಂಪಗೆ ಕಾಯಿಸಿ, ಅದರ ಮೇಲೆ ಚಾಣದ ನಡುಭಾಗವನ್ನಿಟ್ಟು, ಬಾಯಿಯನ್ನು ಹೊರಗೆ ಚಾಚಿ ಹೊರಳಿಸುತ್ತಿರಿ. ಕಾವು ಹರಿದಂತೆ ಹೊಳಪಿನ ಮೇಲೆ ಬಣ್ಣಗಳು ಒಂದರ ಹಿಂದೆ ಒಂದು ಬಾಯಿಯ ಕಡೆ ನಡೆಯುತ್ತವೆ. ಬೇಕಾದ ಬಣ್ಣ ಬಾಯಿಗೆ ಮುಟ್ಟಿದ ಕೂಡಲೇ ತುದಿಯನ್ನು ಎಣ್ಣೆಗೆ ಅದ್ದಿ ನಿಲ್ಲಿಸಿ.

ಯಾವ ಉಪಕರಣಕ್ಕೆ ಯಾವ ಬಣ್ಣ?

ಭತ್ತದ ಹುಲ್ಲಿನ ತಿಳಿಹಳದಿ, ಸುಮಾರು 220 ಡಿಗ್ರಿ: ಕೆರೆಯುವ ಅಲಗು, ಏಟು ಬೀಳದ ಚೂರಿ.
ಜೇನಿನ ಬಣ್ಣ, ಸುಮಾರು 240 ಡಿಗ್ರಿ: ಗುರುತು ಹಾಕುವ ಪಂಚ್.
ಕಂದು, ಸುಮಾರು 260 ಡಿಗ್ರಿ: ಸುತ್ತಿಗೆಯ ಮುಖ, ಮರಗೆಲಸದ ಉಳಿ.
ನೇರಳೆ ಹಣ್ಣಿನ ಬಣ್ಣ, ಸುಮಾರು 280 ಡಿಗ್ರಿ: ತಣ್ಣನೆಯ ಕಬ್ಬಿಣ ಕತ್ತರಿಸುವ ಚಾಣ, ಕೊಡಲಿ.
ಕಡುನೀಲಿ, ಸುಮಾರು 300 ಡಿಗ್ರಿ: ಕಾದ ಕಬ್ಬಿಣದ ಚಾಣ ಮತ್ತು ಪಂಚ್, ಸ್ಕ್ರೂ ಡ್ರೈವರ್, ಹಾರೆಯ ತುದಿ.

ಈ ಬಣ್ಣಗಳು ಬೇಗ ಬೇಗ ಬದಲಾಗುತ್ತವೆ. ಎರಡು ಬಣ್ಣಗಳ ನಡುವೆ ಸಂದೇಹ ಬಂದರೆ ಮುಂದಿನ ಬಣ್ಣಕ್ಕೆ ಬಿಡುವುದೇ ಸರಿ. ಬಾಯಿ ಮಡಚಿದ ಚಾಣವನ್ನು ಮತ್ತೆ ಸರಿಪಡಿಸಬಹುದು, ಒಡೆದು ಹಾರಿದ ಚೂರನ್ನು ಹಿಂದಕ್ಕೆ ಕರೆಯಲಾಗದು.

ಮಧ್ಯಮ ಉಕ್ಕಿನ ಸುತ್ತಿಗೆಗೆ ಬೇರೊಂದು ಉಪಾಯವಿದೆ. ಮುಖವನ್ನು ನೀರಿನಲ್ಲಿ ಆಡಿಸಿ ಗಡುಸುಗೊಳಿಸಿದ ಮೇಲೆ, ಕಾವಿನ ತೂತಿಗೆ ಹಿಡಿಯುವಂಥ ಸರಳನ್ನು ಕೆಂಪಗೆ ಕಾಯಿಸಿ ತೂತಿನಲ್ಲಿ ತೂರಿಸಿ. ನಡುವೆ ಮೆದುವಾಗಿ, ಬಣ್ಣ ಎರಡೂ ಮುಖಗಳ ಕಡೆ ಹರಿಯುತ್ತದೆ. ಕಂದು ಬಣ್ಣ ಮುಖಕ್ಕೆ ತಲಪಿದೊಡನೆ ಸರಳನ್ನು ತೆಗೆದು ಮುಖವನ್ನು ತಣಿಸಿ. ಮುಖದ ಅಂಚುಗಳನ್ನು ದುಂಡಗೆ ಉಜ್ಜಬೇಕು. ಚೂಪಾದ ಅಂಚೇ ಮೊದಲು ಚಕ್ಕೆಯೇಳುವುದು.

ಇಕ್ಕಳಕ್ಕೆ ಹದ ಬೇಡ. ಅದನ್ನು ಮೆದು ಕಬ್ಬಿಣದಲ್ಲಿಯೇ ಮಾಡಿ. ಗಟ್ಟಿಯೆಂದು ಸ್ಪ್ರಿಂಗ್ ಉಕ್ಕಿನಲ್ಲಿ ಮಾಡಿದ ಇಕ್ಕಳ, ಕೆಲಸದ ನಡುವೆ ಕೆಂಪಾದಾಗ ನೀರಿಗೆ ಅದ್ದಿದರೆ ಪೆಡಸಾಗಿ, ಕಾದ ಕಬ್ಬಿಣ ಹಿಡಿದಿರುವಾಗಲೇ ಮುರಿದು ಕಾಲ ಮೇಲೆ ಬೀಳಿಸೀತು.

ಪರೀಕ್ಷೆ ಮತ್ತು ತಿದ್ದುಪಡಿ

ಸಿದ್ಧವಾದ ಚಾಣಕ್ಕೆ ಸಾಣೆ ಹಿಡಿದು, 8 ಮಿ.ಮೀ. ಮೆದು ಕಬ್ಬಿಣದ ಸರಳನ್ನು ನಾಲ್ಕಾರು ಸಲ ಕತ್ತರಿಸಿ ಬಾಯಿಯನ್ನು ನೋಡಿ. ಬಾಯಿ ಮಡಚಿದ್ದರೆ ಹದ ಹೆಚ್ಚು ಇಳಿದಿದೆ, ಇಲ್ಲವೆ ಗಡುಸುಗೊಳಿಸುವಾಗ ಕಾವು ಸಾಲದಾಗಿದೆ. ಮೊದಲ ಹಂತದಿಂದ ಮತ್ತೆ ಮಾಡಬೇಕು. ಚಕ್ಕೆಯೆದ್ದಿದ್ದರೆ ಹಾಳಾದ ಭಾಗ ಉಜ್ಜಿ, ಮತ್ತೆ ಹೊಳಪು ಕೊಟ್ಟು, ಮುಂದಿನ ಬಣ್ಣಕ್ಕೆ ಹದ ಇಳಿಸಿದರೆ ಸಾಕು. ಹಾಗೆ ಮಾಡಿದರೂ ಚಕ್ಕೆಯೇಳುತ್ತಿದ್ದು, ಮುರಿದ ಕಡೆ ರವೆಯಂತೆ ಕಂಡರೆ ಕಾವು ಮೀರಿದ ಗುರುತು. ಆಗಲೂ ಮೊದಲ ಹಂತಕ್ಕೇ ಹೋಗಬೇಕು. ಸಾಣೆ ಹಿಡಿಯುವಾಗ ಬಾಯಿ ನೀಲಿಗಟ್ಟಿದರೆ ಹದ ಹೋಯಿತೆಂದೇ ಅರ್ಥ. ಆಗಾಗ್ಗೆ ನೀರಿಗೆ ಮುಟ್ಟಿಸುತ್ತಾ ಸಾಣೆ ಹಿಡಿಯಿರಿ.

ಈ ಕ್ರಮದಿಂದ ಕೈ ಪಳಗಿದ ಮೇಲೆ ಕುಡುಗೋಲು, ಕುಡಗಳಿಗೂ ಇದೇ ನಿಯಮವನ್ನು ಅನುಸರಿಸಬಹುದು. ಕುಡುಗೋಲು ತೆಳುವಾದ್ದರಿಂದ ಎಣ್ಣೆಯಲ್ಲಿಯೇ ಅದ್ದಬೇಕು. ಕಲ್ಲು ನೆಲದಲ್ಲಿ ಓಡುವ ಕುಡಕ್ಕೆ ನೀಲಿಯವರೆಗೂ ಹದ ಇಳಿಸಬೇಕು.

ಎಚ್ಚರಿಕೆಗಳು

1. ಕನ್ನಡಕವಿಲ್ಲದೆ ಚಾಣಕ್ಕೆ ಏಟು ಹಾಕಬಾರದು, ಸಾಣೆ ಹಿಡಿಯಬಾರದು. ಕಬ್ಬಿಣದ ಚೂರು ಕಣ್ಣಿಗೆ ನೆಟ್ಟರೆ ಉಜ್ಜಬೇಡಿ, ಕೀಳಬೇಡಿ. ಒತ್ತಡ ಬೀಳದಂತೆ ಮುಚ್ಚಿಕೊಂಡು ಕೂಡಲೇ ಆಸ್ಪತ್ರೆಗೆ ಹೋಗಿ.
2. ಗಡುಸಾದ ಎರಡು ಮುಖಗಳನ್ನು ಒಂದಕ್ಕೊಂದು ಬಡಿಯಬಾರದು. ಸುತ್ತಿಗೆಯಿಂದ ಸುತ್ತಿಗೆಗೆ ಹೊಡೆಯುವುದು ಅಪಾಯ.
3. ಚಾಣದ ತಲೆ ಅಣಬೆಯಂತೆ ಅರಳಿದರೆ ಆ ಅಂಚನ್ನು ತಪ್ಪದೆ ಉಜ್ಜಿ ತೆಗೆಯಿರಿ.
4. ಎಣ್ಣೆಯನ್ನು ಮುಚ್ಚಳವಿರುವ ಕಬ್ಬಿಣದ ಪಾತ್ರೆಯಲ್ಲಿ, ಮುಕ್ಕಾಲು ಭಾಗ ಮಾತ್ರ ತುಂಬಿಡಿ. ಪ್ಲಾಸ್ಟಿಕ್ ಸಲ್ಲದು. ಎಣ್ಣೆಯಲ್ಲಿ ನೀರು ಸೇರಿದ್ದರೆ ಉಕ್ಕಿ ಮೇಲೆ ಬರುತ್ತದೆ. ಬೆಂಕಿ ಹತ್ತಿದರೆ ಮುಚ್ಚಳ ಮುಚ್ಚಿ, ನೀರು ಎರಚಬೇಡಿ.
5. ಮರಳು ತುಂಬಿದ ಬಕೆಟ್ ಹತ್ತಿರವಿರಲಿ. ಬಣವೆ ಮತ್ತು ಕೊಟ್ಟಿಗೆಗಳಿಂದ ಕುಲುಮೆ ದೂರವಿರಲಿ. ಹತ್ತಿ ಬಟ್ಟೆ ಮತ್ತು ಪಾದ ಮುಚ್ಚುವ ಚರ್ಮದ ಮೆಟ್ಟು ಧರಿಸಿ. ಮಕ್ಕಳನ್ನು ಹತ್ತಿರ ಬಿಡಬೇಡಿ; ಕಪ್ಪಾದ ಕಬ್ಬಿಣವೂ ಕೈ ಸುಡುವಷ್ಟು ಕಾದಿರುತ್ತದೆ.

ನೆಲದ ಹದ ನೋಡಿ ಬಿತ್ತುವುದು ರೈತರಿಗೆ ಹೊಸದಲ್ಲ. ಉಕ್ಕಿನ ಹದವೂ ಹಾಗೆಯೇ ಕಣ್ಣಿನಿಂದ ಕಲಿಯಬೇಕಾದದ್ದು. ಮುಂಗಾರಿಗೆ ಮುಂಚೆ, ಕೆಲಸ ಕಡಿಮೆಯಿರುವ ದಿನಗಳಲ್ಲಿ, ಗುಜರಿಯ ಒಂದು ಸ್ಪ್ರಿಂಗ್ ತುಂಡಿನಿಂದ ಮೂರು ನಾಲ್ಕು ಪರೀಕ್ಷೆಯ ಚೂರುಗಳನ್ನು ಮಾಡಿ ಅಭ್ಯಾಸ ಮಾಡಿಕೊಳ್ಳಿ. ನಿಮ್ಮ ಸುತ್ತಲಿನ ಊರಿನಲ್ಲಿ ಹಳೆಯ ಕಮ್ಮಾರರು ಯಾರಾದರೂ ಇದ್ದರೆ ಅವರನ್ನು ಕರೆದು ಆ ಬಣ್ಣಗಳನ್ನು ತೋರಿಸಿಕೊಳ್ಳಿ. ನೇರಳೆ ಯಾವುದು, ನೀಲಿ ಯಾವುದು ಎಂಬುದನ್ನು ಅವರ ಕಣ್ಣು ಅರೆಕ್ಷಣದಲ್ಲಿ ಹೇಳುತ್ತದೆ.